ನೊಗದ ತಗ್ಗು

2022ರ ಮಾರ್ಚ್ ತಿಂಗಳಿಡೀ ನಾನು ಹಳದಿಯಾಗಿದ್ದೆ. ಹುಬ್ಬಿನಲ್ಲಿ, ಕಿವಿಯ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಬನಿಯನ್ನಿನ ಹೆಗಲಲ್ಲಿ, ಎಲ್ಲೆಲ್ಲೂ ಹಲಸಿನ ಮರದ ಪುಡಿ. ಬೆವರಿಗೆ ಅಂಟಿತೆಂದರೆ ಸೋಪಿಗೂ ಜಗ್ಗುವುದಿಲ್ಲ. ಬಚ್ಚಲೊಲೆಗೆ ಹಳೇ ಕಾಫಿ ಗಿಡದ ಬೊಡ್ಡೆ ತುರುಕುತ್ತಿದ್ದ ಅಮ್ಮ ಒಂದು ಸಂಜೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಮದುವೇಲಿ ಅರಿಶಿನ ಹಚ್ಚಿದಾಗ್ಲೂ ಇಷ್ಟು ಹಳದಿ ಆಗಿರ್ಲಿಲ್ಲ" ಅಂದಳು. ನನ್ನದೊಂದು ಬಿಳಿ ಪಂಚೆಯನ್ನು ಮೂರು ಸಲ ನೆನೆಹಾಕಿ ಒಗೆದು, ಸೋತು, ಕೊನೆಗೆ ನೆಲ ಒರೆಸಲು ಇಟ್ಟುಕೊಂಡಳು. ಬರ್ಮಾ, ಥಾಯ್ಲೆಂಡ್ ಕಡೆಯ ಬೌದ್ಧ ಭಿಕ್ಷುಗಳು ಹಲಸಿನ ಚೇಗಿನ ಚಕ್ಕೆ ಕುದಿಸಿ ತಮ್ಮ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು ಎಂದು ಎಲ್ಲೋ ಓದಿದ್ದೆ. ಆ ಪಂಚೆ ನೋಡಿದ ಮೇಲೆ ಆ ಮಾತಿಗೆ ಬೇರೆ ಸಾಕ್ಷಿ ಬೇಕೆನಿಸಲಿಲ್ಲ.

ನಾನು ಆಗ ಮಾಡುತ್ತಿದ್ದದ್ದು ಒಂದು ಬೇಸ್ ಗಿಟಾರಿನ ಬಾಡಿ. ಬಾಡಿ ಎಂದರೆ ತಂತಿಯ ಒಂದು ತುದಿ ಕಟ್ಟಿರುವ, ನುಡಿಸುವವನ ಹೊಟ್ಟೆಗೆ ಆತು ಕೂರುವ ಮರದ ಭಾಗ. ತಂತಿಯ ಇನ್ನೊಂದು ತುದಿಯಿರುವ ಉದ್ದನೆಯ ನೆಕ್ ಬೇರೆ, ಅದನ್ನು ನಾನು ಮಾಡಲಿಲ್ಲ, ಕೊಂಡು ತಂದೆ. ಆದರೆ ಬಾಡಿ ಮಾತ್ರ ನಮ್ಮ ತೋಟದ ಮರದ್ದು, ನನ್ನ ಕೈಯದ್ದು. ನನ್ನ ಕೈ ಅನ್ನುವುದಕ್ಕಿಂತ ನಮ್ಮ ಬಡಗಿ ಆಚಾರ್ರ ಕೈ ಅನ್ನುವುದೇ ಸರಿ.

ಬೇಸ್ ಗಿಟಾರಿನ ಹುಚ್ಚು ನನಗೆ ಹಿಡಿದದ್ದು ಜೀಪಿನಲ್ಲಿ. ನಮ್ಮದು ಕಳಸದಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಹಿರೇಬೈಲಿನ ಆಸುಪಾಸಿನ ಸಣ್ಣ ತೋಟ. ಕಾಫಿ ಮೂಟೆ ಹೇರಿಕೊಂಡು ಹೋಗುತ್ತಿದ್ದ ಮಾವನ ಜೀಪಿನಲ್ಲಿ ಒಂದೇ ಒಂದು ಕ್ಯಾಸೆಟ್ ಇತ್ತು, 1981ರ 'ಗೀತಾ' ಚಿತ್ರದ್ದು. ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ, ಇಳಯರಾಜ ಸಂಗೀತ ಕೊಟ್ಟ ಚಿತ್ರ. ಸ್ಪೀಕರ್ ಇದ್ದದ್ದು ಹಿಂದಿನ ಸೀಟಿನ ಕೆಳಗೆ. ಘಾಟಿ ಏರುವಾಗ ಇಂಜಿನ್ನಿನ ಗದ್ದಲದಲ್ಲಿ ಹಾಡುವವರ ದನಿ, ಪಿಟೀಲು, ಕೊಳಲು ಎಲ್ಲ ಮುಳುಗಿಹೋಗುತ್ತಿದ್ದವು. ಆದರೆ ಸೀಟಿನ ಕೆಳಗಿಂದ ಏನೋ ಒಂದು ನನ್ನ ಬೆನ್ನುಹುರಿಯ ಬುಡಕ್ಕೆ ತಟ್ಟುತ್ತಲೇ ಇರುತ್ತಿತ್ತು, ಹಾಡಿಗಿಂತ ಸ್ವಲ್ಪ ಮುಂಚೆ, ಹಾಡಿಗೆ ದಾರಿ ತೋರಿಸುತ್ತಾ. ಅದಕ್ಕೊಂದು ವಾದ್ಯವಿದೆ, ಅದಕ್ಕೆ ನಾಲ್ಕೇ ತಂತಿ, ಅದರ ಅತಿ ಕೆಳಗಿನ ಸ್ವರ ಸೆಕೆಂಡಿಗೆ 41 ಸಲ ಕಂಪಿಸುತ್ತದೆ ಎಂಬುದೆಲ್ಲ ತಿಳಿದದ್ದು ಬೆಂಗಳೂರಿಗೆ ಓದಲು ಹೋದ ಮೇಲೆ. ಬೇಸನ್ನು ಕಿವಿಗಿಂತ ಮುಂಚೆ ಮೈ ಕೇಳಿಸಿಕೊಳ್ಳುತ್ತದೆ ಎಂಬುದು ಮಾತ್ರ ಆ ಸೀಟಿನ ಮೇಲೆಯೇ ಗೊತ್ತಾಗಿತ್ತು.

ಕಾಲೇಜಿನಲ್ಲಿ ಕೊಂಡ ಅಗ್ಗದ ಬೇಸ್ ಒಂದು ನನ್ನ ಹಿಂದೆಯೇ ಊರಿಗೆ ಬಂತು. ಅದರ ಬಾಡಿ ಪ್ಲೈವುಡ್. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಕಿಪೆಟ್ಟಿಗೆಯೇ ಹತ್ತುವುದಿಲ್ಲ, ಬಾಗಿಲುಗಳು ಚೌಕಟ್ಟಿನಲ್ಲಿ ಹಿಡಿದುಕೊಳ್ಳುತ್ತವೆ, ಚಪ್ಪಲಿ ಮೇಲೆ ಬೂಷ್ಟು ಬರುತ್ತದೆ. ಕೆಲವು ಮಳೆಗಾಲ ತಡೆದ ಪ್ಲೈವುಡ್ ಕೊನೆಗೆ ಪದರ ಪದರವಾಗಿ ಬಾಯಿಬಿಟ್ಟಿತು. ನೆಕ್ ಕೂರುವ ಗುಳಿಯಲ್ಲಿ ಬಿರುಕು. ಬೇಸಿನ ನಾಲ್ಕು ತಂತಿ ಸೇರಿ ಎಳೆಯುವ ಬಲ ಹೆಚ್ಚುಕಡಿಮೆ 75 ಕಿಲೋ, ಅಂದರೆ ಕಾಫಿಯ ಲೆಕ್ಕದಲ್ಲಿ ಒಂದೂವರೆ ಮೂಟೆ. ಆ ಎಳೆತವನ್ನು ಉಬ್ಬಿದ ಪ್ಲೈವುಡ್ ಹೇಗೆ ತಾನೇ ತಡೆದೀತು? ಒಂದು ರಾತ್ರಿ ಟಪ್ ಎಂದು ಶಬ್ದವಾಗಿ ನೆಕ್ ಮುಂದಕ್ಕೆ ಬಾಗಿತು. ತಂತಿ ಬಿಚ್ಚಿ ಅಟ್ಟದ ಮೇಲಿಟ್ಟೆ.

ಮರ ಬಿದ್ದದ್ದು 2019ರ ಆಗಸ್ಟಿನಲ್ಲಿ. ಆ ಮಳೆಯನ್ನು ಮೂಡಿಗೆರೆ, ಕಳಸದವರು ಮರೆಯುವಂತಿಲ್ಲ. ಮಲೆಮನೆಯಲ್ಲಿ ಗುಡ್ಡವೇ ಜಾರಿ ಮನೆಗಳ ಮೇಲೆ ಬಂತು, ಚಾರ್ಮಾಡಿ ಘಾಟಿ ಮುಚ್ಚಿತು, ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆ ಭದ್ರೆಯ ಕೆಳಗೆ ಹೋಯಿತು. ನಮಗೆ ಪ್ರಾಣಕ್ಕೆ ಏನೂ ಆಗಲಿಲ್ಲ. ಒಂದು ರಾತ್ರಿ ಮನೆಯ ಹಿಂದಿನ ಹಲಸು ತನ್ನ ಮೈಮೇಲಿದ್ದ ಮೆಣಸಿನ ಬಳ್ಳಿಯ ಸಮೇತ, ಕೆಳಗಿನ ಹದಿನೈದು ಇಪ್ಪತ್ತು ರೊಬಸ್ಟಾ ಗಿಡಗಳ ಮೇಲೆ ಮಲಗಿತು. ಆ ಮರದ ಹಣ್ಣು ಬಕ್ಕೆಯೂ ಅಲ್ಲ, ಅಂಬಲಿಯೂ ಅಲ್ಲ, ನಡುವಿನದ್ದು. ಅಪ್ಪ ಇದ್ದಾಗ ಪ್ರತಿ ವರ್ಷ ಮರಗಸಿ ಮಾಡುವವರಿಗೆ, "ಬೇರೆ ಯಾವುದಕ್ಕಾದ್ರೂ ಹತ್ತಿ, ಆ ಹಲಸಿಗೆ ಮಾತ್ರ ಕತ್ತಿ ಹಾಕಬೇಡಿ" ಎಂದು ಹೇಳಿ ಕಳಿಸುತ್ತಿದ್ದರು. ಹಾಗೆ ಬೆಳೆದ ಮರ. ಬೆಳಿಗ್ಗೆ ಹೋಗಿ ನೋಡಿದರೆ ಬೇರಿನ ಗುಂಡಿಯಲ್ಲಿ ನೀರು ತುಂಬಿ ಆಗಲೇ ಕಪ್ಪೆ ಕೂಗುತ್ತಿದ್ದವು.

ಮಳೆ ನಿಂತ ಮೇಲೆ ಕಾಗದಪತ್ರ ಮುಗಿಸಿ ಬೊಡ್ಡೆಯನ್ನು ಸಾಮಿಲ್ಲಿಗೆ ಹಾಕಿಸಿದೆ. ಮನೆಗೆ ಕಿಟಕಿ ಚೌಕಟ್ಟು, ಊಟದ ಮೇಜು ಎಂದೆಲ್ಲ ಲೆಕ್ಕ ಹಾಕಿದ್ದೆವು. ಗರಗಸದಿಂದ ಮೊದಲ ಹಲಗೆ ಬಿಚ್ಚಿಕೊಂಡಾಗ ಒಳಗಿನ ಚೇಗು ಹಣ್ಣಿನ ತೊಳೆಯಷ್ಟೇ ಹಳದಿಯಾಗಿ ಹೊಳೆಯಿತು. ಅದನ್ನು ನೋಡುತ್ತಾ ನಿಂತಾಗ ಅಟ್ಟದ ಮೇಲಿನ ಮುರಿದ ಬೇಸ್ ನೆನಪಾಯಿತು. "ಇದರಲ್ಲಿ ಎರಡು ತುಂಡು ಎರಡೂಕಾಲು ಇಂಚು ದಪ್ಪ ಕೊಯ್ದು ಕೊಡಿ" ಎಂದೆ. ಎಂಟಿಂಚು ಅಗಲ, ಇಪ್ಪತ್ತಾರು ಇಂಚು ಉದ್ದ. ಎರಡನ್ನೂ ಜೋಡಿಸಿದರೆ ಬಾಡಿಗೆ ಬೇಕಾದ ಹದಿಮೂರು ಇಂಚು ಅಗಲ ಸಿಗುತ್ತದೆ.

ಹಸಿ ಮರದಲ್ಲಿ ವಾದ್ಯ ಮಾಡುವಂತಿಲ್ಲ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬುದು ಮರಗೆಲಸದವರ ಲೆಕ್ಕ. ಹಲಗೆಯ ತುದಿಗಳು ಬೇಗ ಒಣಗಿ ಸೀಳಬಾರದೆಂದು ಅಮ್ಮ ಎರಡೂ ಕಡೆಗೆ ಸಗಣಿ ಮೆತ್ತಿಕೊಟ್ಟಳು. ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಕೊಟ್ಟೆ ಕಟ್ಟಿದ ಬೀಜದ ಭತ್ತದ ಪಕ್ಕ, ಕೆಳಗೆ ರೀಪು ಕೊಟ್ಟು ಮಲಗಿಸಿದೆ. ತಿಂಗಳಿಗೊಮ್ಮೆ ಇಳಿಸಿ ಮೆಣಸು ತೂಗುವ ತಕ್ಕಡಿಯಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಮೊದಲ ದಿನ ಒಂದೊಂದೂ 7 ಕಿಲೋ ಮೇಲಿತ್ತು. ಊರಿಗೆ ಊರೇ ಬಾಗಿಲು ಹಾಕಿಕೊಂಡ 2020ರಲ್ಲಿ ಆ ಕ್ಯಾಲೆಂಡರಿನಲ್ಲಿ ಬೇರೆ ಬರೆಯುವುದೇನೂ ಇರಲಿಲ್ಲ, ಹಲಗೆಯ ತೂಕ ಮಾತ್ರ. 2021ರ ಬೇಸಗೆಗೆ 4 ಕಿಲೋ 800 ಗ್ರಾಮಿಗೆ ಬಂದು ನಿಂತಿತು. ಮಳೆಗಾಲದಲ್ಲಿ ಐವತ್ತು ಅರವತ್ತು ಗ್ರಾಂ ಏರುತ್ತಿತ್ತು, ಚಳಿಗೆ ಮತ್ತೆ ಇಳಿಯುತ್ತಿತ್ತು. ಕಡಿದ ಮೇಲೂ ಮರ ಹೀಗೆ ಗಾಳಿಯ ನೀರನ್ನು ಕುಡಿಯುತ್ತಾ ಬಿಡುತ್ತಾ ಇರುತ್ತದೆ. ಅದು ನಿಲ್ಲುವುದೇ ಇಲ್ಲ. ಅದರ ಜೊತೆ ಹೊಂದಿಕೊಂಡೇ ಕೆಲಸ ಮಾಡಬೇಕು.

ಆಚಾರ್ರು ನಮ್ಮ ಅಪ್ಪನ ಕಾಲದವರು. ನಮ್ಮ ಮನೆಯ ಕದ, ಕಾಫಿ ಕಣದಲ್ಲಿ ಬೀಜ ಎಳೆಯುವ ಹಲಗೆ, ನನ್ನ ತೊಟ್ಟಿಲು, ಎಲ್ಲ ಅವರದ್ದೇ. ಎತ್ತು ಕಟ್ಟಿ ಉಳುತ್ತಿದ್ದ ಕಾಲದಲ್ಲಿ ಸುತ್ತಿನ ಐದಾರು ಊರಿಗೆ ನೇಗಿಲು, ನೊಗ ಮಾಡಿಕೊಡುತ್ತಿದ್ದವರು. ಟಿಲ್ಲರ್ ಬಂದ ಮೇಲೆ ಸಾಮಿಲ್ಲಿನ ಕೆಲಸಕ್ಕೆ ಸೇರಿದರು, ಅಲ್ಲಿ ಇಪ್ಪತ್ತು ವರ್ಷ ನಿಂತು ಎರಡೂ ಕಿವಿ ಮಂದ ಮಾಡಿಕೊಂಡರು. ಎಡಗಿವಿಯಂತೂ ಪೂರ್ತಿ ಹೋಗಿದೆ. ಅವರ ಹತ್ತಿರ ಮಾತಾಡಬೇಕೆಂದರೆ ಬಲಗಡೆ ನಿಂತು ಕೂಗಬೇಕು. ಕೈ ಮಾತ್ರ ಎಪ್ಪತ್ತೈದರಲ್ಲೂ ನಡುಗುತ್ತಿರಲಿಲ್ಲ.

ಹಲಗೆ ತೋರಿಸಿದ ದಿನ ಅವರು ಅದನ್ನು ಬೆರಳಿನ ಗಂಟಿನಿಂದ ತಟ್ಟಿದರು. ಕೇಳಿಸಲಿಲ್ಲವೆಂದು ಕಾಣುತ್ತದೆ. ಆಮೇಲೆ ಹಲಗೆಯ ಒಂದು ತುದಿಯನ್ನು ಎತ್ತಿ ಬಲಗಿವಿಯ ಹಿಂದಿನ ಮೂಳೆಗೆ ಒತ್ತಿಹಿಡಿದು, ಇನ್ನೊಂದು ತುದಿಗೆ ನನ್ನ ಕೈಯಿಂದ ತಟ್ಟಿಸಿದರು. ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ಇದ್ದರು.

"ಒಣಗಿದೆ. ಒಳಗೆಲ್ಲೂ ಸೀಳಿಲ್ಲ. ಎಂತ ಮಾಡ್ತೀಯ ಮಾರಾಯ ಇದ್ರಲ್ಲಿ?"

ನಾನು ಕಾಗದದ ಅಚ್ಚು ಬಿಚ್ಚಿದೆ. ಲಿಯೋ ಫೆಂಡರ್ ಎಂಬ ಅಮೆರಿಕದ ರೇಡಿಯೋ ರಿಪೇರಿಯವನು 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸಿನ ವಂಶದ ಆಕಾರ ಅದು. ಅದಕ್ಕೆ ಮುಂಚೆ ಬೇಸ್ ನುಡಿಸಬೇಕೆಂದರೆ ಸಾಮಾನ್ಯವಾಗಿ ಆಳೆತ್ತರದ ಪಿಟೀಲಿನಂಥ ವಾದ್ಯವನ್ನು ನಿಲ್ಲಿಸಿಕೊಂಡು ನುಡಿಸಬೇಕಿತ್ತು. ಫೆಂಡರ್ ಅದನ್ನು ಹೆಗಲಿಗೆ ಹಾಕಿಕೊಳ್ಳುವ ಹಲಗೆ ಮಾಡಿದ. ಮೇಲೆ ಎರಡು ಕೊಂಬು, ನಡುವೆ ಸೊಂಟ, ಕೆಳಗೆ ಓರೆಯಾದ ಅಂಡು. ಆಚಾರ್ರು ಆ ಕಾಗದವನ್ನು ಅತ್ತ ಇತ್ತ ತಿರುಗಿಸಿ, "ಇದೆಂತದು, ಒಂದು ಕಡೆ ಇದ್ದಂಗೆ ಇನ್ನೊಂದು ಕಡೆ ಇಲ್ವಲ್ಲ. ಸೊಟ್ಟ ಬರ್ದಿದೀಯ?" ಎಂದರು. ಸೊಟ್ಟ ಇರುವುದೇ ಸರಿ, ಹೆಗಲಲ್ಲಿ ತೂಗಿದಾಗ ನೆಕ್ ನೆಲಕ್ಕೆ ಬಾಗದ ಹಾಗೆ ಮೇಲಿನ ಕೊಂಬು ಉದ್ದ ಇರುತ್ತದೆ ಎಂದು ಕೂಗಿ ಹೇಳಿದೆ. ವಾದ್ಯ ಎಂದು ತಿಳಿದ ಮೇಲೆ ಅವರ ಮುಖ ಬದಲಾಯಿತು. "ವೀಣೆಗೆ ಹಲಸೇ ಅಲ್ವ? ಮೃದಂಗಕ್ಕೂ ಹಲಸೇ. ಹಂಗಾದ್ರೆ ಇದಕ್ಕೂ ಆಗ್ಬೇಕು" ಎಂದು ಚೀಲದಿಂದ ಹತ್ತರಿ ತೆಗೆದರು.

ಇಲ್ಲೊಂದು ಮಾತು ಹೇಳಲೇಬೇಕು. ವೀಣೆಯ ಕೊಡ ಟೊಳ್ಳು, ಮೃದಂಗವೂ ಟೊಳ್ಳು, ಅಲ್ಲಿ ಮರವೇ ನುಡಿಯುತ್ತದೆ. ಎಲೆಕ್ಟ್ರಿಕ್ ಬೇಸ್ ಗಟ್ಟಿ ಹಲಗೆ. ಅದರಲ್ಲಿ ತಂತಿಯ ಕೆಳಗಿನ ಪಿಕಪ್ಪಿನ ಅಯಸ್ಕಾಂತ ತಂತಿಯ ಕಂಪನವನ್ನು ಹಿಡಿದು ವಿದ್ಯುತ್ತಾಗಿಸುತ್ತದೆ. ಮರ ಯಾವುದಿದ್ದರೆ ಸ್ವರಕ್ಕೆ ಎಷ್ಟು ವ್ಯತ್ಯಾಸ ಎಂದು ಗಿಟಾರಿನವರು ಇವತ್ತಿಗೂ ಜಗಳವಾಡುತ್ತಾರೆ. ಬಹುಪಾಲು ಸ್ವರ ತಂತಿ, ಪಿಕಪ್ಪು, ಬೆರಳು ಇವುಗಳದ್ದೇ ಎಂದು ನನ್ನ ಅನುಭವ. ಹಾಗಾದರೆ ಎರಡೂವರೆ ವರ್ಷ ಹಲಸು ಒಣಗಿಸಿದ್ದೇಕೆ ಎಂದು ಕೇಳಿದವರಿದ್ದಾರೆ. ಸ್ಪೀಕರಿನಿಂದ ಬರುವ ಸ್ವರ ಕೇಳುವವರದ್ದು. ನುಡಿಸುವವನಿಗೆ ಅದರ ಜೊತೆ ಇನ್ನೊಂದು ಸಿಗುತ್ತದೆ, ಪಕ್ಕೆಲುಬಿಗೆ ಮರದಿಂದ ನೇರವಾಗಿ ಬರುವ ಅದುರು. ಅದು ಯಾವ ವೈರಿನ ಮೂಲಕವೂ ಹೊರಗೆ ಹೋಗುವುದಿಲ್ಲ. ಅದಕ್ಕಾಗಿ.

ಜೋಡಣೆಗೆ ಎರಡು ದಿನ ಹೋಯಿತು. ಎರಡು ಹಲಗೆಯ ಅಂಚಿಗೆ ಹತ್ತರಿ ಹೊಡೆದು, ಒಂದರ ಮೇಲೊಂದು ನಿಲ್ಲಿಸಿ, ಕಿಟಕಿಗೆ ಅಡ್ಡ ಹಿಡಿದು ನೋಡುವುದು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಬಿಚ್ಚಿ ಮತ್ತೆ ಹತ್ತರಿ. ಬೆಳಕು ಪೂರ್ತಿ ಆರಿದ ಮೇಲೆ ಫೆವಿಕಾಲ್ ಹಚ್ಚಿ, ಕ್ಲಾಂಪ್ ಸಾಲದ್ದಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿ, ಹಗ್ಗದ ಅಡಿಗೆ ಬೆಣೆ ಹೊಡೆದು ಬಿಗಿದರು. ಮಾರನೇ ದಿನ ಬಿಚ್ಚಿದಾಗ ಜೋಡಿಸಿದ ಗೆರೆ ಎಲ್ಲಿದೆಯೆಂದು ಹುಡುಕಬೇಕಾಯಿತು.

ಆಕಾರ ಕತ್ತರಿಸಿ, 45 ಮಿಲಿಮೀಟರ್ ದಪ್ಪಕ್ಕೆ ಇಳಿಸಿ ಆದ ಮೇಲೆ ನಾನು ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಒಂದು ಅರ್ಧಚಂದ್ರ ಬರೆದೆ. ಮೊದಲ ಮೂರು ವರ್ಷ ಫೆಂಡರನ ಬೇಸು ಚಪ್ಪಟೆ ಹಲಗೆಯೇ ಆಗಿತ್ತು, ಚೂಪು ಅಂಚು ನುಡಿಸುವವರ ಪಕ್ಕೆಗೆ ಒತ್ತುತ್ತಿತ್ತು. 1954ರಿಂದ ಹಿಂದುಗಡೆ ಹೊಟ್ಟೆಗೆ ಒಂದು ತಗ್ಗು, ಮುಂದುಗಡೆ ಮೊಳಕೈಗೆ ಒಂದು ಇಳಿಜಾರು ಕೆತ್ತತೊಡಗಿದರು. ನನ್ನ ಹತ್ತಿರ ಅದರ ಅಳತೆಯೆಲ್ಲ ಇತ್ತು, ಇಷ್ಟು ಉದ್ದ, ಇಷ್ಟು ಆಳ ಎಂದು. ಆಚಾರ್ರು ಅರ್ಧಚಂದ್ರ ನೋಡಿ, "ಇದ್ಯಾಕೆ?" ಎಂದರು.

"ಹೊಟ್ಟೆಗೆ ಒತ್ತಬಾರ್ದು ಅಂತ."

"ಯಾರ ಹೊಟ್ಟೆಗೆ?"

"ನನ್ನ ಹೊಟ್ಟೆಗೇ."

"ಮತ್ತೆ ನಿನ್ನನ್ನ ಕೇಳ್ದೆ ಬರ್ದಿದೀಯಲ್ಲ" ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಹಲಗೆಗೆ ಹಗ್ಗ ಕಟ್ಟಿ ನನ್ನ ಹೆಗಲಿಗೆ ಹಾಕಿದರು. ಅಂಗಿ ಬಿಚ್ಚಲು ಹೇಳಿದರು. ಒಲೆಯಿಂದ ಒಂದು ಇದ್ದಿಲು ತಂದು ಹಲಗೆಯ ಹಿಂಬದಿಗೆ ಅಂಚಿನುದ್ದಕ್ಕೂ ಬಳಿದು, "ಈಗ ನುಡಿಸೋ ಹಂಗೆ ನಿಲ್ಲು. ಬಗ್ಗು. ಕೂತ್ಕೊ. ಎದ್ದೇಳು" ಎಂದರು. ಹತ್ತು ನಿಮಿಷ ತಂತಿಯೇ ಇಲ್ಲದ ಹಲಗೆಯನ್ನು ನುಡಿಸುತ್ತಾ ಅಂಗಳದಲ್ಲಿ ಓಡಾಡಿದೆ. ತೆಗೆದಾಗ ನನ್ನ ಪಕ್ಕೆಯ ಮೇಲೆ ಎರಡು ಕಡೆ ಕಪ್ಪು ಮಸಿ, ಹಲಗೆಯಲ್ಲಿ ಅದೇ ಎರಡು ಕಡೆ ಇದ್ದಿಲು ಅಳಿಸಿತ್ತು. ನಾನು ಬರೆದ ಅರ್ಧಚಂದ್ರಕ್ಕಿಂತ ಒಂದೂವರೆ ಇಂಚು ಕೆಳಗೆ.

"ನೊಗ ಮಾಡೋದು ಹಿಂಗೆ" ಎಂದರು ಆಚಾರ್ರು. ಕಿವಿ ಮಂದವಾದವರು ಸಾಮಾನ್ಯವಾಗಿ ಜೋರಾಗಿ ಮಾತಾಡುತ್ತಾರೆ. ಅವರು ಆ ದಿನ ಮೆಲ್ಲಗೆ ಹೇಳುತ್ತಾ ಹೋದರು. ನೊಗದಲ್ಲಿ ಎತ್ತಿನ ಹೆಗಲು ಕೂರುವ ತಗ್ಗನ್ನು ಅಳತೆಕೋಲಲ್ಲಿ ಮಾಡಿದರೆ ಹುಣ್ಣಾಗುತ್ತದೆ. ಯಾವ ಎತ್ತಿಗೆ ನೊಗವೋ ಆ ಎತ್ತನ್ನೇ ಕರೆದುಕೊಂಡು ಬರಬೇಕು. ಮಸಿ ಬಳಿದು ಹೆಗಲ ಮೇಲಿಟ್ಟು ನಾಲ್ಕು ಹೆಜ್ಜೆ ನಡೆಸಬೇಕು. ಎಲ್ಲಿ ಮಸಿ ಅಳಿಸಿತೋ ಅಲ್ಲಿ ಉಳಿ. ಮತ್ತೆ ಮಸಿ, ಮತ್ತೆ ನಡಿಗೆ. ಎರಡೂ ಎತ್ತಿನ ಹೆಗಲು ಒಂದೇ ಥರ ಇರುವುದಿಲ್ಲ, ಹಾಗಾಗಿ ನೊಗದ ಎರಡು ತಗ್ಗೂ ಒಂದೇ ಥರ ಇರಬಾರದು. ಎತ್ತಿಗೆ ಬಾಯಿಲ್ಲ, ನೋವಾದರೆ ಹೇಳುವುದಿಲ್ಲ, ಗದ್ದೆಯಲ್ಲಿ ಮಲಗಿಬಿಡುತ್ತದೆ. ನಿಮ್ಮಜ್ಜನ ಬಲಗಡೆ ಎತ್ತಿಗೆ ಹೆಗಲಲ್ಲಿ ಒಂದು ಗಂಟಿತ್ತು, ಆ ಗಂಟಿಗೆ ಜಾಗ ಬಿಟ್ಟು ನೊಗ ಮಾಡಿಕೊಟ್ಟಿದ್ದೆ ಎಂದರು.

ನನ್ನ ಅಜ್ಜನ ಆ ಎತ್ತನ್ನು ನಾನು ನೋಡಿಲ್ಲ. ಆದರೆ ನನ್ನ ಬೇಸಿನ ಹೊಟ್ಟೆಯ ತಗ್ಗನ್ನು ನಾವು ಕೆತ್ತಿದ್ದು ಆ ಎತ್ತಿನ ಲೆಕ್ಕದಲ್ಲೇ. ಇದ್ದಿಲು ಬಳಿ, ಹಾಕಿಕೋ, ಓಡಾಡು, ತೆಗೆ, ಅರದಲ್ಲಿ ಉಜ್ಜು. ಏಳೆಂಟು ಸಲ. ಕೊನೆಯ ಸಲ ಇದ್ದಿಲು ಎಲ್ಲ ಕಡೆ ಒಂದೇ ಹದದಲ್ಲಿ ಮೈಗೆ ಹತ್ತಿತು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಏನೂ ಹೇಳದೆ ಒಳಗೆ ಹೋಗಿ ಕಾಫಿ ತಂದಳು.

ನೆಕ್ ಕೂರುವ ಗುಳಿಯ ಕತೆ ಚಿಕ್ಕದು, ಆದರೆ ತಪ್ಪು ನನ್ನದೇ. ಅಗಲ 63 ಮಿಲಿಮೀಟರ್, ಆಳ 16. ಮೆಷಿನ್ ತಂದು ಕೊರೆಯೋಣವೆಂದರೆ ನಮ್ಮಲ್ಲಿ ವೋಲ್ಟೇಜ್ ಇರಲಿಲ್ಲ. ಆಚಾರ್ರು ಉಳಿ ಮತ್ತು ಕೊಡತಿಯಲ್ಲೇ ಕೆತ್ತಿ, ನೆಕ್ಕನ್ನು ಒತ್ತಿ ಕೂರಿಸಿ, ಬಾಡಿಯನ್ನು ನೆಕ್ಕಿನಿಂದಲೇ ಎತ್ತಿ ತೋರಿಸಿದರು. ಒಂದು ಸ್ಕ್ರೂ ಇಲ್ಲದೆ ಅದು ನಿಂತಿತ್ತು. ಅವರು ಹೋದ ಮೇಲೆ ಗುಳಿಯ ಗೋಡೆಯಲ್ಲಿ ಉಳಿಯ ಗುರುತು ಕಾಣುತ್ತದೆ, ನಯ ಮಾಡೋಣ ಎಂದು ಉಪ್ಪುಕಾಗದ ಹಾಕಿದೆ. ಮಾರನೇ ದಿನ ನೆಕ್ ಅಲುಗಿತು. ಅವರು ಬೈಯಲಿಲ್ಲ. ಉಳಿದ ಹಲಸಿನ ಚೂರಿನಿಂದ ಕಾಗದದಷ್ಟು ತೆಳುವಾದ ಪಟ್ಟಿ ಸೀಳಿ ಗೋಡೆಗೆ ಅಂಟಿಸಿದರು. "ಕಾಣೋ ಕಡೆ ನಯ ಮಾಡು. ಹಿಡಿಯೋ ಕಡೆ ಮುಟ್ಬೇಡ" ಎಂದರು ಅಷ್ಟೇ.

ಆ ನೆಕ್ಕನ್ನು ಕೈಯಲ್ಲಿ ಹಿಡಿದಾಗಲೆಲ್ಲ ಒಂದು ಸಂಗತಿ ಕಾಡುತ್ತದೆ. ಬೆರಳು ಓಡುವ ಅದರ ಮೇಲುಹಲಗೆ ಬೀಟೆಯದ್ದು, ಪೆಟ್ಟಿಗೆಯ ಮೇಲೆ 'ಇಂಡಿಯನ್ ರೋಸ್‌ವುಡ್' ಎಂದು ಬರೆದಿತ್ತು. ಬ್ರೆಜಿಲ್ಲಿನ ಬೀಟೆ ಸಿಗುವುದು ಕಷ್ಟವಾದ ಮೇಲೆ, 1960ರ ದಶಕದ ಕೊನೆಯಿಂದ ಜಗತ್ತಿನ ಗಿಟಾರಿನವರೆಲ್ಲ ಹಿಂದೂಸ್ತಾನದ ಬೀಟೆಗೆ ತಿರುಗಿದರು. ಅಂದರೆ ಪಶ್ಚಿಮಘಟ್ಟದ ನಮ್ಮಂಥ ಬೆಟ್ಟಗಳ ಮರಕ್ಕೆ. ನಮ್ಮ ತೋಟದ ಅಂಚಿನಲ್ಲೇ ಎರಡು ಬೀಟೆಯಿವೆ. ಅವನ್ನು ನಮ್ಮಿಷ್ಟಕ್ಕೆ ಕಡಿಯುವಂತಿಲ್ಲ, ಕಡಿಯಬಾರದು ಕೂಡ, ಉಳಿದಿರುವುದೇ ಕೆಲವು. 2017ರ ಜನವರಿಯಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಬೀಟೆಯ ಇಡೀ ಕುಲಕ್ಕೆ ರಹದಾರಿ ಕಡ್ಡಾಯ ಮಾಡಿದಾಗ ಗಿಟಾರಿನ ವ್ಯಾಪಾರವೇ ಅಲ್ಲಾಡಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಯಾವುದೋ ಘಟ್ಟದ ಬೀಟೆ ಹಡಗು ಹತ್ತಿ ಹೋಗಿ, ಮೇಪಲ್ ಮರದ ಬೆನ್ನಿಗೆ ಅಂಟಿಕೊಂಡು, ಕೊರಿಯರ್ ಪೆಟ್ಟಿಗೆಯಲ್ಲಿ ಮತ್ತೆ ಘಟ್ಟ ಹತ್ತಿ ಬಂದು ನಮ್ಮ ಹಲಸಿನ ಜೊತೆ ಸೇರಿದೆ. ಆಚಾರ್ರು ಅದನ್ನು ಮೂಸಿ ನೋಡಿ, "ನಮ್ದೇ" ಎಂದರು.

ಇನ್ನು ಉಜ್ಜುವ ಕೆಲಸ. ಅದು ಸುಲಭ, ಬೇಸರದ್ದು, ಯಾರು ಬೇಕಾದರೂ ಮಾಡಬಹುದು ಎಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಹಲಸಿನ ನಾರು ನೇರ ಹೋಗುವುದಿಲ್ಲ. ಒಂದು ಪಟ್ಟಿ ಈ ಕಡೆ ವಾಲಿದರೆ ಪಕ್ಕದ ಪಟ್ಟಿ ಆ ಕಡೆ ವಾಲುತ್ತದೆ, ಜಡೆ ಹೆಣೆದ ಹಾಗೆ. ಹತ್ತರಿ ಒಂದು ಪಟ್ಟಿಯ ಮೇಲೆ ಬೆಣ್ಣೆಯಂತೆ ಹೋಗಿ ಮುಂದಿನದಕ್ಕೆ ಬಂದೊಡನೆ ಕಿತ್ತುಕೊಳ್ಳುತ್ತದೆ. ಅಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಆಚಾರ್ರು ಇದಕ್ಕೆ ಒಡೆದ ಕಿಟಕಿ ಗಾಜು ಕೇಳಿದರು. ಗಾಜನ್ನು ಗೋಣಿಯಲ್ಲಿ ಸುತ್ತಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಅಂಗೈಯಗಲದ ಚೂರೊಂದನ್ನು ಆರಿಸಿಕೊಂಡರು. ಎರಡೂ ಕೈಯ ಹೆಬ್ಬೆರಳಿನಿಂದ ಅದನ್ನು ಸ್ವಲ್ಪ ಮುಂದಕ್ಕೆ ವಾಲಿಸಿ ತಮ್ಮತ್ತ ಎಳೆದರೆ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಹಳದಿ ಸುರುಳಿ ಏಳುತ್ತಿತ್ತು. ನಾರು ಯಾವ ಕಡೆ ವಾಲಿದ್ದರೂ ಗಾಜಿಗೆ ಲೆಕ್ಕವಿಲ್ಲ. ಮೊಂಡಾದೊಡನೆ ಚೂರು ಬಿಸಾಕಿ ಇನ್ನೊಂದು.

ಆಮೇಲೆ ಉಪ್ಪುಕಾಗದ. 80ರ ನಂಬರಿನಿಂದ ಶುರು, ಆಮೇಲೆ 120, 180, 240, ಕೊನೆಗೆ 320. ಕಾಗದದ ಹಿಂದೆ ಮೆತ್ತಗಿನ ಆಸರೆ ಬೇಕು, ಬರಿಬೆರಳಲ್ಲಿ ಉಜ್ಜಿದರೆ ಬೆರಳಿನ ಸಾಲು ಮರದಲ್ಲಿ ಮೂಡುತ್ತದೆ. ಅದಕ್ಕೆ ಹಳೇ ಹವಾಯಿ ಚಪ್ಪಲಿಯ ತುಂಡು. ಕೊಂಬಿನ ಒಳತಿರುವಿಗೆ ವಾಟೆಯ ಗಳುವಿಗೆ ಸುತ್ತಿದ ಕಾಗದ. ಮೈಮೇಲೆಲ್ಲ ಸೀಸದಕಡ್ಡಿಯಲ್ಲಿ ಗೀಚಿ, ಗೀಚು ಪೂರ್ತಿ ಅಳಿಯುವವರೆಗೆ ಒಂದು ನಂಬರು. ಮತ್ತೆ ಗೀಚಿ, ಮುಂದಿನ ನಂಬರು. ಅವಸರಕ್ಕೆ 120ನ್ನು ಬಿಟ್ಟು 180ಕ್ಕೆ ಹಾರಿದರೆ 80ರ ಗೀರು ಅಡಿಯಲ್ಲೇ ಉಳಿದು, ಎಣ್ಣೆ ಹಚ್ಚಿದ ದಿನ ಎದ್ದು ನಿಲ್ಲುತ್ತದೆ. ಮೂಗಿಗೆ ಟವಲು ಕಟ್ಟಿಕೊಳ್ಳದೆ ಮಾಡುವ ಕೆಲಸವಲ್ಲ ಇದು. ಮೊದಲ ದಿನ ನಾನು ಕಟ್ಟಿಕೊಳ್ಳದೆ ರಾತ್ರಿಯಿಡೀ ಸೀನಿದೆ.

ನಯವಾಯಿತು ಅಂದುಕೊಂಡ ದಿನ ಆಚಾರ್ರು ಒದ್ದೆ ಬಟ್ಟೆಯಲ್ಲಿ ಇಡೀ ಬಾಡಿಯನ್ನು ಒರೆಸಿಬಿಟ್ಟರು. ಗಾಬರಿಯಾಯಿತು. ಅರ್ಧ ಗಂಟೆಯಲ್ಲಿ ಅದು ಒಣಗಿದಾಗ ಕೈಯಿಟ್ಟರೆ ಗಡ್ಡ ಬೋಳಿಸಿದ ಎರಡನೇ ದಿನದ ಕೆನ್ನೆ. ಉಜ್ಜುವಾಗ ಒತ್ತಿ ಮಲಗಿದ್ದ ನಾರೆಲ್ಲ ನೀರು ಕುಡಿದು ಎದ್ದಿದ್ದವು. "ಈಗ ಏಳ್ಲಿ. ಆಮೇಲೆ ಎದ್ರೆ ಏನೂ ಮಾಡಕ್ಕಾಗಲ್ಲ" ಎಂದರು. ಎದ್ದ ನಾರನ್ನು ಮತ್ತೆ 320ರಲ್ಲಿ ಮೆಲ್ಲಗೆ ತೆಗೆದೆವು. ಎರಡು ಸಲ ಹೀಗೆ ಮಾಡಿದ ಮೇಲೆ ನೀರು ಹಾಕಿದರೂ ಅದು ಏಳಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಹೂಮಳೆ ಬಿತ್ತು. ಒಂದು ವಾರದೊಳಗೆ ತೋಟವೆಲ್ಲ ಬೆಳ್ಳಗೆ. ಕಾಫಿ ಹೂವಿನ ಗಂಧ ನಾವು ಕೆಲಸ ಮಾಡುತ್ತಿದ್ದ ಗೋಡೌನಿನ ಒಳಗೂ ನುಗ್ಗಿ, ಹಲಸಿನ ಪುಡಿಯ ಸಿಹಿಗಮಟಿನ ಜೊತೆ ಸೇರಿಕೊಂಡಿತು. ಇವತ್ತಿಗೂ ಬೇಸಿನ ಪೆಟ್ಟಿಗೆ ತೆಗೆದಾಗ ನನ್ನ ಮೂಗು ಕಾಫಿ ಹೂವನ್ನು ಹುಡುಕುತ್ತದೆ.

ಉಜ್ಜುವುದರಲ್ಲಿ ಕಣ್ಣಿನ ಪಾಲು ಕಡಿಮೆ ಎಂದು ಕಲಿತದ್ದು ಈ ಮೂರು ವಾರದಲ್ಲಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಹಲಗೆಯ ಮಟ್ಟಕ್ಕೆ ಅಡ್ಡ ಹಿಡಿದರೆ ಕೆಲವು ಉಬ್ಬು ತಗ್ಗು ನೆರಳು ಹಾಕಿ ಸಿಕ್ಕಿಬೀಳುತ್ತವೆ. ಅದಕ್ಕಿಂತ ಸಣ್ಣವು ಬೆಳಕಿಗೂ ಸಿಗುವುದಿಲ್ಲ. ಆಚಾರ್ರು ಹೆಗಲ ಮೇಲಿನ ತೆಳು ಟವಲನ್ನು ಬಾಡಿಯ ಮೇಲೆ ಹಾಸಿ, ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ನಿಧಾನವಾಗಿ ಜಾರಿಸುತ್ತಿದ್ದರು. ಬರಿಗೈಗಿಂತ ಬಟ್ಟೆಯ ಮೇಲಿನಿಂದಲೇ ಚೆನ್ನಾಗಿ ಗೊತ್ತಾಗುತ್ತದೆ. ಬಟ್ಟೆ ಜಾರುವುದರಿಂದ ಚರ್ಮಕ್ಕೆ ಮರದ ಒರಟು ತಾಗದೆ, ಏರಿಳಿತವೊಂದೇ ಉಳಿಯುತ್ತದೆ. ಎಡಗೈಯಲ್ಲಿ ನೋಡು, ಬಲಗೈಗೆ ಜಡ್ಡು ಕಟ್ಟಿದೆ ಎಂದು ನನಗೆ ಹೇಳಿಕೊಟ್ಟರು. ನಾನು ಎಷ್ಟು ಸಲ ಜಾರಿಸಿದರೂ ಅವರು ನಿಲ್ಲಿಸಿದಲ್ಲಿ ನನಗೇನೂ ಸಿಗುತ್ತಿರಲಿಲ್ಲ. ಅವರು ಆ ಜಾಗಕ್ಕೆ ಸೀಸದಕಡ್ಡಿಯಲ್ಲಿ ಸುತ್ತು ಹಾಕುತ್ತಿದ್ದರು, ನಾನು ಉಜ್ಜುತ್ತಿದ್ದೆ. ಅವರು ಮತ್ತೆ ಟವಲು ಹಾಸಿ, ತಲೆಯಾಡಿಸಿ, ಪಕ್ಕಕ್ಕೆ ಸರಿಯುತ್ತಿದ್ದರು.

ಬಣ್ಣದ ವಿಚಾರದಲ್ಲಿ ನಮ್ಮಿಬ್ಬರಿಗೂ ಒಂದಿಷ್ಟು ಚರ್ಚೆ ನಡೆಯಿತು. ಅವರಿಗೆ ಗೇರೆಣ್ಣೆ ಹಚ್ಚುವ ಆಸೆ. ನಮ್ಮ ಮನೆಯ ಪಕಾಸಿಗೆಲ್ಲ ಅವರೇ ಹಚ್ಚಿದ್ದು, ಇಷ್ಟು ವರ್ಷವಾದರೂ ಒಂದು ಹುಳ ಕೊರೆದಿಲ್ಲ. ಆದರೆ ಗೇರೆಣ್ಣೆ ಕರೀ, ಮೈಗೆ ತಾಗಿದರೆ ಸುಡುತ್ತದೆ. ಹೊಟ್ಟೆಗೆ ಆತು ಕೂರುವ ವಸ್ತುವಿಗೆ ಅದು ಬೇಡವೆಂದೆ. ಅರಗಿನ ಪಾಲಿಶ್ ನಮ್ಮ ಮಳೆಗಾಲದ ತೇವಕ್ಕೆ ಬೆಳ್ಳಗೆ ಮಂಕಾಗುತ್ತದೆ. ಕೊನೆಗೆ ಅಗಸೆ ಎಣ್ಣೆ. ಬಟ್ಟೆಯಲ್ಲಿ ಅದ್ದಿ ತಿಕ್ಕಿ, ಮರ ಕುಡಿದು ಉಳಿದದ್ದನ್ನು ಒರೆಸಿ, ಎರಡು ದಿನ ಬಿಟ್ಟು ಮತ್ತೆ. ಎಣ್ಣೆ ಬಿದ್ದ ಕೂಡಲೇ ಹಳದಿ ಜೇನಿನ ಬಣ್ಣಕ್ಕೆ ತಿರುಗಿ, ಜಡೆ ಹೆಣೆದ ನಾರಿನ ಪಟ್ಟಿಗಳು ಬೆಳಕಿಗೆ ಒಂದು ಬಿಟ್ಟು ಒಂದು ಹೊಳೆದವು. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಕಿದರೆ ತಾನೇ ಬಿಸಿಯೇರಿ ಹತ್ತಿಕೊಳ್ಳುತ್ತದೆ, ಹಾಗಾಗಿ ಪ್ರತಿ ಸಲವೂ ಬಟ್ಟೆಯನ್ನು ಬೇಲಿಯ ಮೇಲೆ ಹರವಿ ಒಣಗಿಸುತ್ತಿದ್ದೆ. ಐದು ಸಲ ಎಣ್ಣೆಯಾಯಿತು. ಪೂರ್ತಿ ಒಣಗಿದ ಮೇಲೆ ಬಾಡಿ ಒಂದನ್ನೇ ತೂಗಿದಾಗ 2 ಕಿಲೋ 700 ಗ್ರಾಂ. ಮಿಕ್ಕ ಹಲಸಿನ ತುಂಡಿನಲ್ಲಿ ಆಚಾರ್ರು ಅಮ್ಮನಿಗೆ ಒಂದು ಮಣೆ ಮಾಡಿಕೊಟ್ಟರು. ಅವಳು ಪೂಜೆಗೆ ಕೂರುವುದು ಈಗ ಅದರ ಮೇಲೆಯೇ.

ಎಲ್ಲ ಜೋಡಿಸಿ ತಂತಿ ಕಟ್ಟಿದಾಗ ಜೂನ್ ಬಂದಿತ್ತು. ಹೊರಗೆ ಮಳೆ ಹಿಡಿದಿತ್ತು, ತಗಡಿನ ಮೇಲೆ ಅದರ ಸದ್ದು. ಆಚಾರ್ರನ್ನು ಕರೆಸಿದೆ. ಸಣ್ಣ ಆಂಪ್ಲಿಫೈಯರ್ ಒಂದಿತ್ತು, ಅದನ್ನು ಹಚ್ಚಿ ಅತಿ ಕೆಳಗಿನ ಸ್ವರದ ತಂತಿಯನ್ನು ಮೀಟಿದೆ. ಪಕ್ಕೆಯಲ್ಲಿ ಮರ ಅದುರಿತು. ಜೀಪಿನ ಸೀಟಿನ ಕೆಳಗಿನಿಂದ ಬರುತ್ತಿದ್ದದ್ದೇ ಅದು, ಈ ಸಲ ಹಲಸಿನಿಂದ ಬರುತ್ತಿತ್ತು. ಮಳೆಗೂ ಕಿವಿಗೂ ನಡುವೆ ಆಚಾರ್ರಿಗೆ ಏನೂ ಕೇಳಿಸಿರಲಾರದು. ಅವರು ಹತ್ತಿರ ಬಂದು ಬಾಡಿಯ ಮೇಲೆ ಅಂಗೈ ಇಟ್ಟರು. ನಾನು ನುಡಿಸುತ್ತಾ ಹೋದೆ. ಅವರು ಕಣ್ಣು ಮುಚ್ಚಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅವರ ಕೈ ಸರಿಯಿತು. ಹೆಗಲ ಮೇಲಿನ ಟವಲು ತೆಗೆದು ಬಾಡಿಯ ಮೇಲೆ ಹಾಸಿದರು. ಮೊಳಕೈ ಇಳಿಜಾರಿನಿಂದ ಕೆಳಗಿನ ಅಂಚಿಗೆ ಅಂಗೈ ಜಾರುತ್ತಾ ಹೋಗಿ ಒಂದು ಕಡೆ ನಿಂತಿತು.

"ಇಲ್ಲಿ" ಎಂದರು.

ನಾನು ಕೈಯಿಟ್ಟೆ, ಏನೂ ಸಿಗಲಿಲ್ಲ. ಅವರು ನನ್ನ ಎಡಗೈ ಹಿಡಿದು ಟವಲಿನ ಮೇಲೆ ಒಂದು ಸಲ, ಎರಡು ಸಲ, ಮೂರು ಸಲ ನಿಧಾನವಾಗಿ ಎಳೆದರು. ಮೂರನೇ ಸಲ ಸಿಕ್ಕಿತು. ಅಂಗೈಯ ನಡುವೆ ಒಂದು ಸಣ್ಣ ಏರು, ಮೆಣಸಿನ ಕಾಳಿನ ಮೇಲೆ ಕಂಬಳಿ ಹೊದಿಸಿದ ಹಾಗೆ. ಮೂರು ತಿಂಗಳಲ್ಲಿ ಮೊದಲನೇ ಸಲ, ಅವರಿಗೆ ತಿಳಿದದ್ದು ನನ್ನ ಕೈಗೂ ತಿಳಿಯಿತು.

"ಉಪ್ಪುಕಾಗದ ತಾ" ಎಂದರು ಆಚಾರ್ರು.

ನಾನು ಆಂಪ್ಲಿಫೈಯರ್ ಆರಿಸಿ, ತಂತಿ ಸಡಿಲಿಸಲು ಕೂತೆ.